ಎಲ್ಲಿ ಮುರಿಯಬೇಕು: ದಾವಣಗೆರೆಯ ಒಂದು ಪಿಜಿ, ಒಂದು ಆ್ಯಂಗಲ್ ಕಾಕ್

ಕಟ್ಟಡ ದಾವಣಗೆರೆಯ ಕಾಲೇಜುಗಳ ಆಸುಪಾಸಿನದು. ನೆಲಮಹಡಿಯಲ್ಲಿ ಅಂಗಡಿ ಮತ್ತು ನಾಲ್ಕು ಕೋಣೆ, ಮೇಲೆ ಎರಡು ಅಂತಸ್ತು, ಒಟ್ಟು ಹನ್ನೆರಡು ಬಾತ್‌ರೂಮು. ತಾರಸಿ ಮೇಲೆ 2000 ಲೀಟರಿನ ಟ್ಯಾಂಕು, ಅಂಗಳದಡಿ ಸಂಪು. ಪಾಲಿಕೆ ನೀರು ರಾಜನಹಳ್ಳಿಯ ತುಂಗಭದ್ರೆಯಿಂದಲೋ, ಭದ್ರಾ ನಾಲೆಯಿಂದ ತುಂಬಿಸುವ ಕುಂದುವಾಡ ಕೆರೆಯಿಂದಲೋ ಬರುತ್ತದೆ, ಆದರೆ ದಿನಾ ಬರುವುದಿಲ್ಲ. ಬಾರದ ದಿನ ಬೋರ್ ನೀರು. ಎರಡೂ ಒಂದೇ ಸಂಪಿಗೆ. ಬೋರ್ ನೀರನ್ನು ಗಡಸುತನದ ಕಿಟ್‌ನಲ್ಲಿ ನೋಡಿದರೆ, ಕುಡಿಯುವ ನೀರಿನ ಭಾರತೀಯ ಮಾನಕ ಬೇರೆ ಮೂಲವಿಲ್ಲದಾಗ ಒಪ್ಪುವ ಕೊನೆಯ ಗಡಿಯಾದ ಲೀಟರಿಗೆ 600 ಮಿಲಿಗ್ರಾಮಿನ ಆಚೆಗೇ ಇತ್ತು. ಇಲ್ಲಿಯ ಮಂದಿಗೆ ಕಿಟ್ ಬೇಕಿಲ್ಲ. ಗೀಸರ್ ಬಿಚ್ಚಿದಾಗ ಮಂಡಕ್ಕಿ ಕಾಳಿನಷ್ಟು ದಪ್ಪದ ಬಿಳಿ ಚಕ್ಕೆ ಉದುರಿದರೆ ಸಾಕು, ನೀರು ಎಂಥದ್ದೆಂದು ಗೊತ್ತಾಗುತ್ತದೆ.

ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಎರಡನೇ ಅಂತಸ್ತಿನ ಶೌಚಾಲಯದಲ್ಲಿ ಫ್ಲಷ್ ಟ್ಯಾಂಕಿಗೆ ಹೋಗುವ ಹೋಸಿನ ಹಿತ್ತಾಳೆ ನಟ್ ಸೀಳಿ, ಹೋಸು ಕಳಚಿಕೊಂಡಿತು. ಅದು ದೊಡ್ಡ ಅನಾಹುತವಲ್ಲ. ಅದರ ಕೆಳಗೇ, ಗೋಡೆಯಿಂದ ಬರುವ ನೀರನ್ನು ಹೋಸಿಗೆ ತಿರುಗಿಸುವ, ಬೇಕಾದಾಗ ನಿಲ್ಲಿಸುವ ಆ್ಯಂಗಲ್ ಕಾಕ್ ಇದೆ, ಅದನ್ನು ಹಾಕಿರುವುದೇ ಈ ಹೊತ್ತಿಗೆಂದು. ಕೋಣೆಯ ಹುಡುಗ ಕಾಕ್ ತಿರುಗಿಸಲು ನೋಡಿದ, ಜಗ್ಗಲಿಲ್ಲ. ಬಲ ಹಾಕಿದ, ಪ್ಲಾಸ್ಟಿಕ್ ಹಿಡಿ ಕೈಗೆ ಬಂತು. ಇನ್ನೊಬ್ಬ ಇಕ್ಕಳ ತಂದು ಹಿಡಿಯೊಳಗಿನ ತಿರುಗುವ ದಂಡವನ್ನು, ಅಂದರೆ ಸ್ಪಿಂಡಲ್ಲನ್ನು ಹಿಡಿದ. ಬಲಕ್ಕೆ ತಿರುಗಲಿಲ್ಲ. 'ಮೊದಲು ಸ್ವಲ್ಪ ಲೂಸ್ ಮಾಡು, ಆಮೇಲೆ ಟೈಟ್ ಮಾಡು' ಎಂಬ ಎಲ್ಲರಿಗೂ ಗೊತ್ತಿರುವ ಉಪಾಯ ಮಾಡಿದರು. ಎಡಕ್ಕೆ ಅದು ಸಲೀಸಾಗಿ ತಿರುಗಿತು, ಯಾಕೆಂದರೆ ತಿರುಗಿದ್ದು ಸ್ಪಿಂಡಲ್ ಒಂದೇ ಅಲ್ಲ. ಅದನ್ನು ಹಿಡಿದಿಟ್ಟಿದ್ದ ತಲೆಭಾಗವೇ ಥ್ರೆಡ್ಡಿನಿಂದ ಕಳಚುತ್ತಿತ್ತು. ಮೂರು ಸುತ್ತಿಗೆ ಇಡೀ ತಲೆ ಹೊರಗೆ ಹಾರಿತು.

ತಾರಸಿಯ ಗೇಟ್ ವಾಲ್ವ್ ಮುಚ್ಚಲು ಓಡಿದರು. ಚಕ್ರ ಸುತ್ತುತ್ತಲೇ ಇತ್ತು, ನೀರು ನಿಲ್ಲಲಿಲ್ಲ. ಒಳಗಿನ ಸ್ಪಿಂಡಲ್ ತುಂಡಾಗಿ, ಇಳಿದು ನೀರು ತಡೆಯಬೇಕಾದ ಬಾಗಿಲು ಎಂದೋ ಮೇಲೇ ಉಳಿದಿತ್ತು. ಟ್ಯಾಂಕ್ ಖಾಲಿಯಾದರೆ ತಾನೇ ನಿಲ್ಲುತ್ತದೆ ಎಂದು ಕಾದರು. ಮೋಟರಿಗೆ ಲೆವೆಲ್ ಕಂಟ್ರೋಲರ್ ಇತ್ತು. ಟ್ಯಾಂಕಿನ ಮಟ್ಟ ಇಳಿದಾಗಲೆಲ್ಲ ಅದು ಸಂಪಿನಿಂದ ಮತ್ತೆ ತುಂಬಿಸಿತು. ಯಾರೋ ಮೋಟರಿನ ಸ್ವಿಚ್ ಆರಿಸಿದ್ದು ಒಂದು ಗಂಟೆಗೆ. ಆಮೇಲೆ ಟ್ಯಾಂಕ್ ಬರಿದಾಗಲು ಇನ್ನೂ ಎರಡು ಗಂಟೆಯ ಹತ್ತಿರ ಹಿಡಿಯಿತು. ಮರುದಿನ ಅದೇ ಬಾಯಿಗೆ 15 ಲೀಟರಿನ ಬಕೆಟ್ ಹಿಡಿದಾಗ 50 ಸೆಕೆಂಡಿಗೆ ತುಂಬಿತು, ಅಂದರೆ ನಿಮಿಷಕ್ಕೆ 18 ಲೀಟರ್. ಆ ಲೆಕ್ಕದಲ್ಲಿ 2000 ಲೀಟರಿನ ಟ್ಯಾಂಕಿನಿಂದ ರಾತ್ರಿ ಹರಿದದ್ದು 4000 ಲೀಟರಿಗೂ ಹೆಚ್ಚು. ಅದು ಮೆಟ್ಟಿಲಿಳಿದು, ಅಂಗಡಿಯ ಸೂರಿನಿಂದ ಸೋರಿ, ಮೀಟರ್ ಬೋರ್ಡಿನವರೆಗೆ ಹೋಯಿತು. ನೀರಿಗಿಂತ ಆ ಬೋರ್ಡೇ ದೊಡ್ಡ ಅಪಾಯವಾಗಿತ್ತು.

ಬಿಚ್ಚಿ ನೋಡಿದಾಗ

ಕಿತ್ತುಬಂದ ಕಾಕ್ ಹಳೇ ಮಾದರಿಯದು: ಸ್ಪಿಂಡಲ್ ತಿರುಗಿದಂತೆ ರಬ್ಬರ್ ವಾಷರ್ ಕೆಳಗಿಳಿದು ನೀರಿನ ಬಾಯಿಯ ಅಂಚಾದ ಸೀಟಿನ ಮೇಲೆ ಕೂರುತ್ತದೆ. ವಾಷರ್ ಹೊಸದರಂತೆ ಇತ್ತು, ಸೀಟಿನಲ್ಲಿ ಒಂದು ಗೀರೂ ಇರಲಿಲ್ಲ. ಕೆಟ್ಟದ್ದು ಮುಚ್ಚುವ ಭಾಗವಲ್ಲ, ತಿರುಗುವ ಭಾಗ.

ಸ್ಪಿಂಡಲ್ ಮೂರು ಕಾರಣಕ್ಕೆ ಹಿಡಿದಿತ್ತು. ಮೊದಲನೆಯದು ಜೋಡಿಸಿದವನ ಕೈಯದು: ಪೂರ್ತಿ ತೆರೆದು, ತುದಿಗೆ ಮುಟ್ಟಿದ ಮೇಲೂ ಬಿಗಿದು ಬಿಟ್ಟಿದ್ದ. ಪೂರ್ತಿ ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಬಿಡಬೇಕೆಂದು ಹಳೇ ಕೊಳಾಯಿ ಮಿಸ್ತ್ರಿಗಳು ಹೇಳುತ್ತಿದ್ದುದು ಇದಕ್ಕೇ. ಎರಡನೆಯದು, ಸ್ಪಿಂಡಲ್ ಹೊರಬರುವಲ್ಲಿ ನೀರು ಒಸರದಂತೆ ಬಿಗಿಯುವ ಗ್ಲ್ಯಾಂಡ್ ನಟ್ಟಿನ ಸುತ್ತ ಕಟ್ಟಿದ ಬಿಳಿ ಗಟ್ಟಿ. ತಣ್ಣೀರು ಪೈಪಿನೊಳಗೆ ಸುಮ್ಮನೆ ನಿಂತರೆ ಸುಣ್ಣ ಅಷ್ಟಾಗಿ ಕಟ್ಟುವುದಿಲ್ಲ. ನೀರು ಕಾದಾಗ, ಇಲ್ಲವೇ ಆರಿಹೋದಾಗ ಕಟ್ಟುತ್ತದೆ. ಗ್ಲ್ಯಾಂಡಿನಲ್ಲಿ ಕಣ್ಣಿಗೆ ಕಾಣದಷ್ಟು ಒಸರುವ ನೀರು ಹೊರಗೆ ಬಂದು ಆರುತ್ತದೆ, ಉಪ್ಪು ಉಳಿಯುತ್ತದೆ. ಹನಿಯೂ ಬೀಳದ ಕಾರಣ ಯಾರೂ ಗಮನಿಸುವುದಿಲ್ಲ, ವರ್ಷಗಟ್ಟಲೆ ಆ ಉಪ್ಪು ಸ್ಪಿಂಡಲ್ಲಿಗೂ ನಟ್ಟಿಗೂ ನಡುವೆ ಗಾರೆಯಾಗಿ ಕೂರುತ್ತದೆ. ನಿಂಬೆರಸ ಬಿಟ್ಟಾಗ ನೊರೆ ಬಂತು.

ಮೂರನೆಯದು ಥ್ರೆಡ್ಡಿನೊಳಗಿನ ಬಣ್ಣದಲ್ಲಿ ಕಂಡಿತು. ಹಳದಿ ಹಿತ್ತಾಳೆಯ ನಡುವೆ ಕೆಂಗುಲಾಬಿ ಮಚ್ಚೆಗಳು, ಉಗುರಿನಿಂದ ಕೆರೆದರೆ ಪುಡಿ. ಹಿತ್ತಾಳೆಯೊಳಗಿನ ಸತುವನ್ನು ನೀರು ಕರಗಿಸಿಕೊಂಡು ಹೋದರೆ ಹಿಂದೆ ಉಳಿಯುವುದು ತೂತುತೂತಾದ ತಾಮ್ರ. ಲೇತ್‌ನಲ್ಲಿ ಸುಲಭವಾಗಿ ಕಡೆಯಲು ಬರುವ ಸೀಸದ ಹಿತ್ತಾಳೆಯಲ್ಲಿ ಸತು ಶೇ. 40ರ ಹತ್ತಿರ ಇರುತ್ತದೆ, ಅದಕ್ಕೆ ಈ ರೋಗ ಬೇಗ. ಸೀಳಿದ ಹೋಸ್ ನಟ್ಟಿನ ಕಥೆ ಬೇರೆ: ತೆಳು ಹಿತ್ತಾಳೆ, ಪಾನಾ ಹಾಕಿ ಬಿಗಿದ ಒತ್ತಡ, ಮೇಲೆ ಶೌಚಾಲಯದ ಗಾಳಿಯ ಅಮೋನಿಯಾ. ಈ ಮೂರೂ ಕೂಡಿದರೆ ಹಿತ್ತಾಳೆ ತುಕ್ಕಿನ ಗುರುತೇ ಇಲ್ಲದೆ ಗಾಜಿನಂತೆ ಬಿರಿಯುತ್ತದೆ.

ಉಳಿದ ಬಾತ್‌ರೂಮುಗಳ ಕಾಕ್‌ಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದರು. ಪ್ರತಿ ಬಾತ್‌ರೂಮಿನಲ್ಲಿ ಐದು: ಫ್ಲಷ್ ಟ್ಯಾಂಕಿಗೆ ಒಂದು, ಹೆಲ್ತ್ ಫಾಸೆಟ್ಟಿಗೆ ಒಂದು, ಬೇಸಿನ್‌ಗೆ ಒಂದು, ಗೀಸರಿನ ಒಳಗೆ ಹೊರಗೆ ಎರಡು. ಒಟ್ಟು ಅರವತ್ತು. ದಿನಾ ಕೈ ತಾಗುವ ಹೆಲ್ತ್ ಫಾಸೆಟ್ಟಿನವು ಹಗುರವಾಗಿ ತಿರುಗಿದವು. ಹಾಕಿದ ದಿನದಿಂದ ಯಾರೂ ಮುಟ್ಟದ ಫ್ಲಷ್ ಮತ್ತು ಗೀಸರಿನವು ಬಹುಪಾಲು ಹಿಡಿದಿದ್ದವು. ಅದೇ ನೀರು, ಅದೇ ಗೋಡೆ, ಅದೇ ಮಾಲು.

ತಿರುಪಿನ ಲೆಕ್ಕ

ಇಂಥ ಕಾಕ್ ಕೆಟ್ಟಾಗ ಸಾಮಾನ್ಯವಾಗಿ ಬರುವ ಸಲಹೆ 'ಗಟ್ಟಿ ಮಾಲು ಹಾಕಿಸಿ'. ಈ ಪ್ರಕರಣದಲ್ಲಿ ಅದು ತಪ್ಪು ಸಲಹೆ. ಸ್ಪಿಂಡಲ್ ಗಟ್ಟಿಯಿದ್ದದ್ದರಿಂದಲೇ ಇಕ್ಕಳದ ಬಲ ಅದನ್ನು ದಾಟಿ ತಲೆಭಾಗದ ಥ್ರೆಡ್ಡಿಗೆ ಹೋಯಿತು. ಪಂಚಾಯಿತಿ ನಿಜಕ್ಕೂ ಇರುವುದು ಇಲ್ಲಿ: ಕಾಕ್ ಒಂದು ದಿನ ಹಿಡಿಯುತ್ತದೆ, ಯಾರೋ ಗಾಬರಿಯಲ್ಲಿ ಪಾನಾ ಹಾಕುತ್ತಾರೆ, ಆಗ ಯಾವುದು ಮೊದಲು ಸೋಲಬೇಕು?

ಅಂಕಿಗಳನ್ನು ಹೀಗೆ ಊಹಿಸಿಕೊಳ್ಳಬಹುದು. ಒಂದು ಕೆಜಿ ತೂಕವನ್ನು 10 ಸೆಂ.ಮೀ. ತೋಳಿನ ತುದಿಗೆ ನೇತುಹಾಕಿದರೆ ಬರುವ ತಿರುಪು ಸುಮಾರು ಒಂದು ನ್ಯೂಟನ್ ಮೀಟರ್. ಎಂಟು ಇಂಚಿನ ಪಾನಾವನ್ನು 18 ಸೆಂ.ಮೀ. ದೂರದಲ್ಲಿ ಹಿಡಿದು 15 ಕೆಜಿ ಬಲ ಹಾಕಿದರೆ 27ರ ಹತ್ತಿರ. 8 ಮಿ.ಮೀ. ದಪ್ಪದ ಹಿತ್ತಾಳೆ ಸ್ಪಿಂಡಲ್ ತುಂಡಾಗಲು ಸುಮಾರು 30 ಬೇಕು. ಅಂದರೆ ಪಾನಾ ಹಿಡಿದವನು ಸ್ಪಿಂಡಲ್ ಮುರಿಯುವ ಮೊದಲೇ ಬೇರೇನನ್ನೋ ಕೆಡಿಸಿರುತ್ತಾನೆ.

ಆ ಬೇರೇನು ಎಂಬುದು ಕಾಕ್ ಗೋಡೆಗೆ ಕೂತ ರೀತಿಯಲ್ಲೇ ಇದೆ. ಮಾಮೂಲಿ ಆ್ಯಂಗಲ್ ಕಾಕ್‌ನಲ್ಲಿ ಹಿಡಿ ಮುಂದಕ್ಕಿರುತ್ತದೆ, ಗೋಡೆಯೊಳಗಿನ ಥ್ರೆಡ್ ಅದರ ನೇರ ಹಿಂದೆ. ಹಿಡಿ, ಸ್ಪಿಂಡಲ್, ತಲೆಭಾಗದ ಥ್ರೆಡ್, ಗೋಡೆಯ ಥ್ರೆಡ್ ನಾಲ್ಕೂ ಸುತ್ತುವ ಅಚ್ಚು (ಅಕ್ಷ) ಒಂದೇ, ಎಲ್ಲವೂ ಬಲಗೈ ಥ್ರೆಡ್. ಹಿಡಿದ ಸ್ಪಿಂಡಲ್ಲನ್ನು ಎಡಕ್ಕೆ ಒತ್ತಿದರೆ ಒಂದೋ ತಲೆ ಕಳಚುತ್ತದೆ, ಇಲ್ಲವೇ ಇಡೀ ಕಾಕ್ ಗೋಡೆಯಿಂದ ಸಡಿಲವಾಗುತ್ತದೆ. ಬಲಕ್ಕೆ ಒತ್ತಿದರೆ ಗೋಡೆಯೊಳಗಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪಿನ ಎಲ್ಬೋ ಬಿರಿಯುತ್ತದೆ, ಅದು ಟೈಲ್ಸ್ ಒಡೆದ ಮೇಲಷ್ಟೇ ಗೊತ್ತಾಗುವುದು. ಎರಡೂ ದಿಕ್ಕಿಗೆ ಸೋಲು.

ತಲೆ ಹಾರಿದ ಮೇಲೆ ಕೈಯಿಂದ ಒತ್ತಿ ಹಿಡಿಯಲು ಆಗುವುದಿಲ್ಲವೇ? ಒತ್ತಡ ಹೇಳಿಕೊಳ್ಳುವಷ್ಟಿಲ್ಲ. ಎರಡನೇ ಅಂತಸ್ತಿನ ಈ ಬಾಯಿಗೂ ಟ್ಯಾಂಕಿನ ನೀರಿನ ಮಟ್ಟಕ್ಕೂ ಅಂತರ 5 ಮೀಟರ್, ಅಂದರೆ ಅರ್ಧ ಬಾರ್. ನೆಲಮಹಡಿಯಲ್ಲಿ 11 ಮೀಟರ್, ಒಂದು ಬಾರ್ ಮೇಲೆ ಚೂರು. 18 ಮಿ.ಮೀ. ತೂತಿನ ಮೇಲೆ ನೆಲಮಹಡಿಯಲ್ಲೂ ಬೀಳುವ ಬಲ ಮೂರು ಕೆಜಿಗಿಂತ ಕಡಿಮೆ. ಹೆಬ್ಬೆರಳಿಗೆ ತಡೆಯಲು ಆಗುತ್ತದೆ, ಆದರೆ ಆ ಚಿಮ್ಮುವಿಕೆಯಲ್ಲಿ ತಲೆಭಾಗದ ಮೊದಲ ಎಳೆ ಥ್ರೆಡ್ಡಿಗೆ ಕೂರಿಸಲು ಆಗುವುದಿಲ್ಲ. ಕಣ್ಣಿಗೆ ನೀರು, ಕೈಗೆ ಜಾರು.

ಹೊಸ ಕಾಕ್

ಹರಿಹರದಲ್ಲಿ ಲೇತ್‌ಗಳೇ ತಯಾರಾಗುತ್ತಿದ್ದ ಕಾಲದಿಂದ ಈ ಸೀಮೆಯಲ್ಲಿ ಒಳ್ಳೆಯ ಟರ್ನರ್‌ಗಳಿಗೆ ಬರವಿಲ್ಲ. ಹಳೇ ಬಗೆಯದನ್ನೇ ಮತ್ತೆ ಹಾಕುವ ಬದಲು ಹೊಸ ವಿನ್ಯಾಸದ ಕಾಕ್ ಮಾಡಿಸುವುದೆಂದಾದಾಗ, ಮಾದರಿಗಾಗಿ ದೂರ ಹೋಗಬೇಕಾಗಲಿಲ್ಲ.

ವಿನ್ಯಾಸದ ಮೊದಲ ತೀರ್ಮಾನ ಅಚ್ಚನ್ನು ಬದಲಿಸುವುದು. ಗೋಡೆಯಿಂದ ನೀರು ಮುಂದಕ್ಕೆ ಬರುತ್ತದೆ, ಒಂದು ಪುಟ್ಟ ಕೋಣೆಯಲ್ಲಿ ಮೇಲಕ್ಕೆ ತಿರುಗುತ್ತದೆ, ಆ ನೆಟ್ಟಗಿನ ದಾರಿಯಲ್ಲಿ ನಡುವೆ ತೂತಿರುವ ಗುಂಡು, ಅಂದರೆ ಬಾಲ್ ಇದೆ; ಕಾಲು ಸುತ್ತು ತಿರುಗಿಸಿದರೆ ತೂತು ಅಡ್ಡವಾಗಿ ನೀರು ನಿಲ್ಲುತ್ತದೆ. ಬಾಲನ್ನು ತಿರುಗಿಸುವ ಸ್ಪಿಂಡಲ್ ಬಲಪಕ್ಕಕ್ಕೆ, ಗೋಡೆಗೆ ಸಮಾನಾಂತರವಾಗಿ ಹೊರಬರುತ್ತದೆ. ಈಗ ಸ್ಪಿಂಡಲ್ಲಿಗೆ ಎಷ್ಟೇ ತಿರುಪು ಹಾಕಿದರೂ ಗೋಡೆಯ ಥ್ರೆಡ್ ಸುತ್ತುವುದಿಲ್ಲ, ಗೋಡೆಗೆ ಕೂರುವ ಥ್ರೆಡ್ಡಿನ ತುಂಡು, ಅಂದರೆ ನಿಪ್ಪಲ್, ಬಾಗಲು ನೋಡುತ್ತದೆ ಅಷ್ಟೆ. ಅರ್ಧ ಇಂಚಿನ ಥ್ರೆಡ್ಡಿನ ಬುಡದ ವ್ಯಾಸ 18.6 ಮಿ.ಮೀ., ಒಳಗೆ 12 ಮಿ.ಮೀ. ಆ್ಯಲನ್ ಕೀ ಕೂರುವ ಆರುಮೂಲೆ ತೂತು. ಮೂಲೆಯಲ್ಲೂ 2.4 ಮಿ.ಮೀ. ಗೋಡೆ ಉಳಿಯುತ್ತದೆ. ಸ್ಪಿಂಡಲ್ ತುಂಡಾಗುವ ಮಿತಿಯಾಗಿ ಮುಂದೆ ಬರುವ 7 ನ್ಯೂಟನ್ ಮೀಟರ್ ಬಾಗಿಸುವ ಬಲಕ್ಕೆ ಅಲ್ಲಿ ಬರುವ ಒತ್ತಡ ಹಿತ್ತಾಳೆಯ ಶಕ್ತಿಯ ಹತ್ತನೇ ಒಂದು ಪಾಲೂ ಅಲ್ಲ. ಜೊತೆಗೆ ಟೈಲ್ಸಿಗೆ ಒತ್ತಿ ಕೂರುವ 50 ಮಿ.ಮೀ. ತಟ್ಟೆ ಆ ಬಾಗುವಿಕೆಯ ಬಹುಪಾಲನ್ನು ತಾನೇ ಹೊರುತ್ತದೆ.

ಎರಡನೆಯದು, ಪಾನಾ ಕಚ್ಚುವ ಜಾಗವೇ ಇರಬಾರದು. ಗ್ಲ್ಯಾಂಡ್ ನಟ್ ಇಲ್ಲ, ಬದಲಿಗೆ ಸ್ಪಿಂಡಲ್ಲಿಗೆ ಎರಡು ಇಪಿಡಿಎಂ ರಬ್ಬರಿನ ಓ-ರಿಂಗ್. ಸ್ಪಿಂಡಲ್ಲನ್ನು ಹೊರಗಿನಿಂದಲ್ಲ, ಒಳಗಿನಿಂದ ತೂರಿಸಬೇಕು. ದಂಡ 8 ಮಿ.ಮೀ., ಒಳಗಿನ ಭುಜ 11 ಮಿ.ಮೀ. ನೀರಿನ ಒತ್ತಡ ಅದನ್ನು ಹೊರಗೆ ದೂಡಿದಷ್ಟೂ ಭುಜ ಇನ್ನಷ್ಟು ಒತ್ತಿ ಕೂರುತ್ತದೆ. ಬಾಲ್ ಮತ್ತು ಸ್ಪಿಂಡಲ್ ಒಳಸೇರಿಸಲು ಕೆಳಗೊಂದು ಬಾಯಿ ಬೇಕಲ್ಲ, ಅದಕ್ಕೆ 24 ಮಿ.ಮೀ. ಥ್ರೆಡ್ಡಿನ (ಎಂ24) ಮುಚ್ಚಳ. ಮುಚ್ಚಳದ ಹೊರಮೈ ನುಣುಪು, ಆರುಮೂಲೆ ಇಲ್ಲ. ಥ್ರೆಡ್ಡಿಗೆ ಅಂಟು ಹಾಕಿ ತಿರುಗಿಸಿ, ಅಡ್ಡಕ್ಕೆ 2 ಮಿ.ಮೀ. ಪಿನ್ ಹೊಡೆದು ಬಿಡುವುದು. ಬಿಚ್ಚಿ ರಿಪೇರಿ ಮಾಡಲು ಬಾರದು ಎಂಬ ದೂರು ಬರುತ್ತದೆ, ಬರಲಿ. ಮುಚ್ಚಳ ಬಾಲ್‌ಗಿಂತ ಮೊದಲಿದೆ, ಬಾಲ್ ಮುಚ್ಚಿದ್ದರೂ ಅಲ್ಲಿ ನೀರು ಇರುತ್ತದೆ. ಬಿಚ್ಚಲು ಬರುವ ಮುಚ್ಚಳವನ್ನು ಒಂದು ದಿನ ಒಬ್ಬ ಬಿಚ್ಚಿಯೇ ಬಿಚ್ಚುತ್ತಾನೆ.

ಮೂರನೆಯದು ಸೋಲುವ ಕ್ರಮ. ಮಾಮೂಲಿ ತಿರುಗುವ ಬಲ 0.9 ನ್ಯೂಟನ್ ಮೀಟರ್ ಒಳಗಿರಬೇಕು. 60 ಮಿ.ಮೀ. ಲಿವರಿನ ತುದಿಗೆ ಅದು ಒಂದೂವರೆ ಕೆಜಿ, ಬೆರಳಿನ ಕೆಲಸ. ಅದೇ ತಿರುಪು 35 ಮಿ.ಮೀ. ದುಂಡು ಹಿಡಿಗೆ ಬೇಕೆಂದರೆ ಅಂಚಿನಲ್ಲಿ ಐದು ಕೆಜಿ ಹಿಡಿತ ಬೇಕು, ಸೋಪಿನ ಕೈಗೆ ಅದು ಸಿಗುವುದಿಲ್ಲ. ಬಲ 3.5 ದಾಟಿದರೆ ಲಿವರಿನೊಳಗಿನ ಅಸಿಟಾಲ್ ಪ್ಲಾಸ್ಟಿಕ್ ಹಲ್ಲು ಕಟಕ್ಕೆಂದು ಜಾರುತ್ತದೆ, ಮುರಿಯುವುದಿಲ್ಲ. ಲಿವರ್ ಕಿತ್ತು ಇಕ್ಕಳ ಹಾಕುವವನಿಗಾಗಿ ಸ್ಪಿಂಡಲ್ಲಿಗೆ ಒಂದು ಸಣ್ಣ ಕುತ್ತಿಗೆ. ಅದು 7ರ ಹತ್ತಿರ ತುಂಡಾಗಬೇಕು. ಕುತ್ತಿಗೆ ಇರುವುದು ಓ-ರಿಂಗ್‌ಗಳ ಹೊರಗೆ, ಆದ್ದರಿಂದ ತುಂಡಾದರೂ ನೀರು ಬರುವುದಿಲ್ಲ. ಉಳಿದ ಮೊಂಡು ಮೈಯೊಳಗೆ 2 ಮಿ.ಮೀ. ತಗ್ಗಿನಲ್ಲಿರುತ್ತದೆ, ಇಕ್ಕಳಕ್ಕೆ ಸಿಗದು. ಲಿವರ್ ಹೋಸಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ದುಂಡು ಹಿಡಿ ಈ ಸುದ್ದಿಯನ್ನು ಯಾರಿಗೂ ಹೇಳುವುದಿಲ್ಲ.

ಸೆರಾಮಿಕ್ ಡಿಸ್ಕ್ ಯಾಕಲ್ಲ ಎಂದು ಕೇಳುವವರಿದ್ದಾರೆ. ಡಿಸ್ಕ್ ಒಳ್ಳೆಯದೇ, ತನ್ನ ಮೈಯನ್ನು ತಾನೇ ಒರೆಸಿಕೊಳ್ಳುತ್ತದೆ. ಆದರೆ ಎರಡು ಡಿಸ್ಕಿನ ಕಿಂಡಿ ಪೂರ್ತಿ ಕೂಡಿದಾಗಲೂ ತೆರೆಯುವ ಜಾಗ ಚಿಕ್ಕದು. ಟ್ಯಾಂಕಿನಿಂದ ಇಳಿಯುವ ನೀರನ್ನೇ ನಂಬಿದ ಮನೆಯ ಮೇಲಿನ ಅಂತಸ್ತಿನಲ್ಲಿ ಸಿಗುವ ಅರ್ಧ ಬಾರನ್ನು ಅದು ತಾನೇ ತಿಂದುಹಾಕುತ್ತದೆ. 10 ಮಿ.ಮೀ. ನೇರ ತೂತಿನ ಬಾಲ್‌ನಲ್ಲಿ ಆ ತಾಪತ್ರಯವಿಲ್ಲ. ಬಾಲ್‌ನ ದೋಷ ಬೇರೆ: ಬಾಲ್‌ಗೂ ಮೈಗೂ ನಡುವಿನ ಸಂದಿಯಲ್ಲಿ ನೀರು ನಿಂತು ಸುಣ್ಣ ಕಟ್ಟುತ್ತದೆ, ತಿರುಗಿಸಿದಾಗ ಆ ಚಕ್ಕೆ ಪಿಟಿಎಫ್‌ಇ (ಟಫ್ಲಾನ್) ಸೀಟನ್ನು ಗೀರುತ್ತದೆ. ಅದಕ್ಕೆ ಸೀಟನ್ನೇ ಅಗಲಿಸಿ ಬಾಲನ್ನು ಎರಡೂ ಕಡೆಯಿಂದ ಬಟ್ಟಲಿನಂತೆ ಅಪ್ಪಿಸಲಾಯಿತು. ಸಂದಿಯೇ ಇಲ್ಲದ ಮೇಲೆ ನೀರು ನಿಲ್ಲುವುದೆಲ್ಲಿ? ಬಾಲ್ 16 ಮಿ.ಮೀ., 316 ಸ್ಟೀಲ್. ಕ್ರೋಮ್ ಲೇಪಿಸಿದ ಹಿತ್ತಾಳೆ ಬಾಲ್ ಅಗ್ಗ, ಆದರೆ ಲೇಪನ ಸಿಪ್ಪೆ ಎದ್ದ ದಿನ ಅದು ಅರ. ಮೈಗೆ ಸತು ಬಿಡದ ಹಿತ್ತಾಳೆ, ಅಂದರೆ ತಾಮ್ರ ಹೆಚ್ಚಿದ್ದು, ಶೇ. 0.02ರಿಂದ 0.15ರಷ್ಟು ಆರ್ಸೆನಿಕ್ ಬೆರೆತದ್ದು. ಆರ್ಸೆನಿಕ್ ಎಂದೊಡನೆ ಗಾಬರಿ ಬೇಡ, ಆ ಪ್ರಮಾಣ ಲೋಹದೊಳಗೆ ಕಟ್ಟಿಬಿದ್ದಿದ್ದು ಸತು ಹೊರಹೋಗದಂತೆ ತಡೆಯುತ್ತದೆ.

ಗೋಡೆಯ ನಿಪ್ಪಲ್ ಮತ್ತು ಕಾಕ್‌ನ ಮೈ ಬೇರೆ ಬೇರೆ, ನಡುವೆ ಯೂನಿಯನ್ ನಟ್ ಮತ್ತು ಚಪ್ಪಟೆ ವಾಷರ್. ಮಾಮೂಲಿ ಕಾಕ್ ಬಿಗಿದಾಗ ಬಾಯಿ ಮೇಲಕ್ಕೆ ಬರದಿದ್ದರೆ ಮಿಸ್ತ್ರಿ ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಾನೆ, ಟಫ್ಲಾನ್ ಟೇಪ್ ಹರಿದು ಗೋಡೆಯೊಳಗೆ ಒಸರಲು ಶುರು. ಹಿಂದಕ್ಕೆ ತಿರುಗಿಸದಿದ್ದರೆ ಮುಕ್ಕಾಲು ಸುತ್ತು ಮುಂದಕ್ಕೆ ಒತ್ತಿ ಎಲ್ಬೋ ಬಿರಿಸುತ್ತಾನೆ. ಯೂನಿಯನ್ ಇದ್ದರೆ ಬಾಯಿ ಯಾವ ಕಡೆಗೆ ಬೇಕೋ ಆ ಕಡೆಗೆ ಹಿಡಿದು ನಟ್ ಬಿಗಿದರಾಯಿತು.

ಲೇತ್ ಮೇಲೆ ಕೆಟ್ಟದ್ದು

ಮೊದಲ ಮಾದರಿಯನ್ನು ತಿರುಗಿಸಲು ಬೆರಳು ಸಾಲಲಿಲ್ಲ. ಲಿವರಿನ 50 ಮಿ.ಮೀ. ಗುರುತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ ಆರು ಕೆಜಿ ಹತ್ತಿರ ತೋರಿಸಿತು, ಅಂದರೆ 2.9 ನ್ಯೂಟನ್ ಮೀಟರ್. ಬಟ್ಟಲಿನಂಥ ಸೀಟುಗಳನ್ನು 0.4 ಮಿ.ಮೀ. ಅದುಮಿ ಕೂರಿಸಿದ್ದೇ ತಪ್ಪು. ಅದುಮುವುದನ್ನು 0.2ಕ್ಕೆ ಇಳಿಸಿದರೆ ಬಲ 0.9ಕ್ಕೆ ಬಂತು, ಆದರೆ ಕಡಿಮೆ ಒತ್ತಡದಲ್ಲಿ ಹನಿ ಶುರುವಾಯಿತು. ಪಿಟಿಎಫ್‌ಇ ಮೇಣದ ಹಾಗೆ, ಒತ್ತಿದಲ್ಲಿ ನಿಧಾನಕ್ಕೆ ಹರಿದು ತಗ್ಗಾಗುತ್ತದೆ, ರಬ್ಬರಿನಂತೆ ಮರಳಿ ಬರುವುದಿಲ್ಲ. ಒಂದು ಸೀಟಿನ ಬೆನ್ನಿಗೆ ಓ-ರಿಂಗ್ ಕೂರಿಸಿ ಅದನ್ನೇ ಸ್ಪ್ರಿಂಗ್ ಮಾಡಿಕೊಂಡ ಮೇಲೆ ಹನಿ ನಿಂತಿತು. ವಾಲ್ವ್ ಪರೀಕ್ಷೆಯಲ್ಲಿ ಎಲ್ಲರೂ ಹೆಚ್ಚಿನ ಒತ್ತಡಕ್ಕೆ ಹೆದರುತ್ತಾರೆ. ಹೆಚ್ಚಿನ ಒತ್ತಡ ಬಾಲನ್ನು ಸೀಟಿಗೆ ಒತ್ತಿ ತಾನೇ ಮುಚ್ಚಿಕೊಳ್ಳುತ್ತದೆ, ಸೋರುವುದು ಅರ್ಧ ಬಾರ್‌ನಲ್ಲಿ. ಹಾಗಾಗಿ ಕೈಪಂಪಿನಿಂದ 20 ಬಾರ್ ಎರಡು ನಿಮಿಷ, ಆಮೇಲೆ ಎರಡು ಮೀಟರ್ ಎತ್ತರದ ಪಾರದರ್ಶಕ ಕೊಳವೆಯಲ್ಲಿ ನೀರು ನಿಲ್ಲಿಸಿ ಒಂದು ರಾತ್ರಿ. ಬೆಳಿಗ್ಗೆ ಗುರುತು ಇಳಿದಿದ್ದರೆ ಕಾಕ್ ಫೇಲು.

ಕುತ್ತಿಗೆ ಇನ್ನೂ ಸತಾಯಿಸಿತು. 304 ಸ್ಟೀಲ್ ಸ್ಪಿಂಡಲ್ಲಿಗೆ 4 ಮಿ.ಮೀ. ಕುತ್ತಿಗೆ ಲೆಕ್ಕದಲ್ಲಿ 6.7ಕ್ಕೆ ತುಂಡಾಗಬೇಕು. ವೈಸ್‌ನಲ್ಲಿ ಹಿಡಿದು ಟಾರ್ಕ್ ರೆಂಚಿನಿಂದ ಮುರಿದಾಗ ಕೆಲವು 9ರವರೆಗೂ ತಡೆದವು. ಅಂಗಡಿಯಲ್ಲಿ ಸಿಗುವ ಸ್ಟೀಲ್ ಸಲಾಕೆ ತಣ್ಣಗೆ ಎಳೆದದ್ದು, ಎಳೆದಷ್ಟೂ ಗಟ್ಟಿ. ಒಂದು ಸಲಾಕೆಯಂತೆ ಇನ್ನೊಂದಿಲ್ಲ. ಮತ್ತೆ ಕೆಲವು ಬೇಗ ಹೋದವು, ಅವುಗಳ ಕುತ್ತಿಗೆ ಬುಡದಲ್ಲಿ ಉಳಿ ಚೂಪು ಮೂಲೆ ಬಿಟ್ಟಿತ್ತು. ಮೂಲೆಗೆ 0.5 ಮಿ.ಮೀ. ದುಂಡು ಕೊಟ್ಟು, ಕುತ್ತಿಗೆಯನ್ನು 3.8ಕ್ಕೆ ಇಳಿಸಿ, ಪ್ರತಿ ಸಲಾಕೆಯಿಂದ ಮೊದಲ ಮೂರು ಸ್ಪಿಂಡಲ್ ಮುರಿದು ನೋಡಿದ ಮೇಲಷ್ಟೇ ಉಳಿದವನ್ನು ಕಡೆಯುವುದು ಎಂದಾಯಿತು.

ಸುಣ್ಣದ ಪರೀಕ್ಷೆಗೆ ವರ್ಷಗಟ್ಟಲೆ ಕಾಯಲಾಗದು. ಲೀಟರ್ ನೀರಿಗೆ ತೇವವಿಲ್ಲದ ಕ್ಯಾಲ್ಸಿಯಂ ಕ್ಲೋರೈಡ್ 1.11 ಗ್ರಾಮ್, ಅಡುಗೆ ಸೋಡಾ 1.68 ಗ್ರಾಮ್ ಬೇರೆ ಬೇರೆ ಕರಗಿಸಿ ಕೊನೆಗೆ ಕೂಡಿಸಿದರೆ 1000 ಮಿಲಿಗ್ರಾಮ್ ಗಡಸಿನ ನೀರು ಸಿದ್ಧ. ಕಾಕ್ ತುಂಬಿ, 60 ಡಿಗ್ರಿಗೆ ಕಾಯಿಸಿ, ಬರಿದು ಮಾಡಿ ಒಣಗಿಸಿ, ಮತ್ತೆ ತುಂಬುವುದು. ಪಕ್ಕದಲ್ಲೇ ಗ್ಲ್ಯಾಂಡ್ ನಟ್ಟಿನ ಹಳೇ ಮಾದರಿಯನ್ನೂ ಇಟ್ಟಿದ್ದರು. ಮೂವತ್ತು ಸುತ್ತಿನ ಹೊತ್ತಿಗೆ ಹಳೆಯದರ ಸ್ಪಿಂಡಲ್ ಬುಡದಲ್ಲಿ ಬಿಳಿ ಉಂಗುರ ಎದ್ದು ಕೈಗೆ ಬಿಗಿಯಾಯಿತು. ಹೊಸದರಲ್ಲಿ ಬಾಲ್‌ನ ತೂತಿನೊಳಗೆ ಪೊರೆ ಕಟ್ಟಿತ್ತು, ಸೀಟು ತಾಗುವ ಮೈ ಸ್ವಚ್ಛವಿತ್ತು.

ಬೇಡ ಅಂದದ್ದು

ಹೋಸು ಒಡೆದರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್-ಗುಂಡಿನ ವ್ಯವಸ್ಥೆ ಎಲ್ಲರಿಗೂ ಇಷ್ಟವಾಗುತ್ತದೆ. ಇಲ್ಲಿ ಅದು ಹೊಂದುವುದಿಲ್ಲ. ಮೇಲಿನ ಅಂತಸ್ತಿನಲ್ಲಿ ಹೋಸು ಕಳಚಿದರೆ 18 ಲೀಟರ್, ನೆಲಮಹಡಿಯಲ್ಲಿ ಅದೇ 26ಕ್ಕೂ ಹೆಚ್ಚು. ಫ್ಲಷ್ ಟ್ಯಾಂಕ್ ತುಂಬುವಾಗಲೂ ನೆಲಮಹಡಿಯಲ್ಲಿ ಹರಿವು ಜೋರೇ. ಒಂದೇ ಸ್ಪ್ರಿಂಗ್ ಎರಡಕ್ಕೂ ಹೊಂದದು: ಕೆಳಗೆ ಸುಮ್ಮಸುಮ್ಮನೆ ಮುಚ್ಚುತ್ತದೆ, ಮೇಲೆ ಬೇಕಾದಾಗ ಮುಚ್ಚುವುದಿಲ್ಲ. ಗುಂಡಿಗೆ ಸುಣ್ಣ ಹಿಡಿದರಂತೂ ಅದು ಇದೆ ಎಂಬ ಧೈರ್ಯವಷ್ಟೇ ಉಳಿಯುತ್ತದೆ. ಆ ದುಡ್ಡನ್ನು ಪ್ರತಿ ಬಾತ್‌ರೂಮಿನ ಹೊರಗೆ, ಕೈಗೆಟುಕುವ ಎತ್ತರದಲ್ಲಿ ಒಂದು ಬಾಲ್ ವಾಲ್ವ್ ಹಾಕಲು ಬಳಸಿದರು. ಆ್ಯಂಗಲ್ ಕಾಕ್ ಕೈಕೊಟ್ಟರೂ ಇದಿದೆ.

ಕಾಲು ಸುತ್ತಿನ ವಾಲ್ವ್ ಮುಚ್ಚಿದಾಗ ಪೈಪು ಬಡಿಯುತ್ತದೆಂಬ ಹೆದರಿಕೆಯೂ ಇತ್ತು. ಸಿಪಿವಿಸಿಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 450 ಮೀಟರ್ ಓಡುತ್ತದೆ. ಸೆಕೆಂಡಿಗೆ 2 ಮೀಟರ್ ಹರಿವನ್ನು ಕ್ಷಣದಲ್ಲಿ ನಿಲ್ಲಿಸಿದರೆ 9 ಬಾರ್ ಏರುತ್ತದೆ. ಆದರೆ 10 ಮೀಟರ್ ಪೈಪಿನಲ್ಲಿ ಅಲೆ ಹೋಗಿಬರಲು 0.044 ಸೆಕೆಂಡು ಸಾಕು, ಕೈ ಎಷ್ಟು ಚುರುಕಾದರೂ 0.3 ಸೆಕೆಂಡು ಬೇಕು. ಏರುವುದು ಒಂದೂವರೆ ಬಾರ್ ಒಳಗೆ. ಚಿಂತೆಯಿಲ್ಲ.

ಜೋಡಿಸಿದ ರೀತಿ

ಮೊದಲು ಮೋಟರಿನ ಸ್ವಿಚ್, ಆಮೇಲೆ ಟ್ಯಾಂಕಿನ ವಾಲ್ವ್. ಈ ಕ್ರಮವನ್ನು ದಪ್ಪ ಅಕ್ಷರದಲ್ಲಿ ಬರೆದು ಮೆಟ್ಟಿಲ ಬಳಿ ಅಂಟಿಸಿದ್ದಾರೆ, ಕಂಟ್ರೋಲರ್ ಇರುವ ಮನೆಗಳಲ್ಲಿ ಎಲ್ಲರೂ ಮರೆಯುವುದು ಇದನ್ನೇ. ತಾರಸಿಯ ಗೇಟ್ ವಾಲ್ವ್ ತೆಗೆದು ಪೂರ್ತಿ ತೂತಿನ 32 ಮಿ.ಮೀ. ಬಾಲ್ ವಾಲ್ವ್, ಎರಡೂ ಕಡೆ ಯೂನಿಯನ್.

ಗೋಡೆಯ ಥ್ರೆಡ್ಡನ್ನು ಹಳೇ ಟೇಪ್ ಉಳಿಯದಂತೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಬೇಕು. ನಿಪ್ಪಲ್ಲಿಗೆ ತುದಿಯಿಂದ ನೋಡಿದಾಗ ಬಲಕ್ಕೆ ಸುತ್ತುವಂತೆ ಟಫ್ಲಾನ್ ಟೇಪ್ ಹತ್ತು ಹನ್ನೆರಡು ಸುತ್ತು, ಮೊದಲ ಎಳೆ ಬಿಟ್ಟು. ಕೈಯಿಂದ ಬಿಗಿಯಾದಷ್ಟು, ಆಮೇಲೆ ಆ್ಯಲನ್ ಕೀಯಿಂದ ಒಂದರಿಂದ ಒಂದೂವರೆ ಸುತ್ತು, ಅಷ್ಟೇ. ಯೂನಿಯನ್ ನಟ್ಟಿಗೆ ಟೇಪ್ ಸುತ್ತಬಾರದು, ಅಲ್ಲಿ ಮುಚ್ಚುವುದು ವಾಷರ್. ಸುತ್ತಿದರೆ ವಾಷರ್ ಕೂತಂತೆ ಭ್ರಮೆ ಬರುತ್ತದೆ, ಕೂತಿರುವುದಿಲ್ಲ. ಹೋಸ್ ನಟ್ ಕೈಬಿಗಿ ಮತ್ತು ಕಾಲು ಸುತ್ತು. ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಬಿಟ್ಟು ಬೇರೇನೂ ಬೇಡ: ಗಾಡಿಯ ಗ್ರೀಸ್ ಹಚ್ಚಿದರೆ ಇಪಿಡಿಎಂ ಊದಿಕೊಂಡು ಸ್ಪಿಂಡಲ್ಲನ್ನು ಹಿಡಿಯುತ್ತದೆ, ಬಿಟ್ಟುಬಂದ ರೋಗವೇ ಬೇರೆ ದಾರಿಯಲ್ಲಿ ಮರಳುತ್ತದೆ. ಶೌಚಾಲಯಕ್ಕೆ ಆಸಿಡ್ ಹಾಕುವ ದಿನ ಕಾಕ್ ಮತ್ತು ಹೋಸಿನ ಮೇಲೆ ಒಂದು ಮಗ್ ನೀರು ಹೊಯ್ಯುವುದು ಕೆಲಸದವರಿಗೆ ರೂಢಿಯಾಗಬೇಕು.

ಎಷ್ಟೇ ಜಾಣತನದ ಕಾಕ್ ಆದರೂ ವರ್ಷಗಟ್ಟಲೆ ಮುಟ್ಟದಿದ್ದರೆ ಹಿಡಿಯಲು ನೋಡುತ್ತದೆ. ಎಲ್ಲ ಅರವತ್ತನ್ನೂ ಮೂರು ಸಲ ಮುಚ್ಚಿ ತೆರೆಯಲು ಎರಡು ದಿನ ಗೊತ್ತು ಮಾಡಿದ್ದಾರೆ: ಯುಗಾದಿಯ ಹಿಂದಿನ ದಿನ ಮತ್ತು ದೀಪಾವಳಿಯ ನೀರು ತುಂಬುವ ಹಬ್ಬ. ಹಂಡೆ ತೊಳೆದು ಹೊಸ ನೀರು ತುಂಬುವ ದಿನ ಕಾಕ್ ತಿರುಗಿಸುವುದನ್ನು ಮಾಲೀಕರ ಮನೆಯವರು ಮರೆಯುವುದಿಲ್ಲ. ಕ್ಯಾಲೆಂಡರಿನಲ್ಲಿ ಬರೆದ ತಾರೀಖಿಗೆ ಆ ಭಾಗ್ಯವಿಲ್ಲ.

ಹದಿನಾಲ್ಕು ತಿಂಗಳ ಮೇಲೆ

ಫ್ಲಷ್ ಮತ್ತು ಬೇಸಿನ್‌ನವು ಹಾಕಿದ ದಿನದಷ್ಟೇ ಹಗುರ, ತಕ್ಕಡಿಯಲ್ಲಿ ಎರಡು ಕೆಜಿಯೊಳಗೆ. ಒಂದು ಲಿವರಿನ ಹಲ್ಲು ಸವೆದಿತ್ತು: ಮುಚ್ಚಿದ ಮೇಲೂ ಇನ್ನಷ್ಟು ಬಿಗಿಯಬೇಕೆಂಬ ಹಳೇ ಅಭ್ಯಾಸದವರು ಅದನ್ನು ಪ್ರತಿಸಲ ಕಟಕಟ ಅನ್ನಿಸಿದ್ದರು. ಹಲ್ಲಿನ ತುಂಡು ಬದಲಿಸಲು ಒಂದು ಸ್ಕ್ರೂ, ಎರಡು ನಿಮಿಷ.

ತೊಂದರೆ ಉಳಿದಿರುವುದು ಗೀಸರಿನ ಬಿಸಿನೀರಿನ ಕಾಕ್‌ಗಳಲ್ಲಿ. ತಣ್ಣಗಿದ್ದಾಗ 0.9 ಇದ್ದದ್ದು, ಬಿಸಿನೀರು ಹರಿದ ಕೂಡಲೇ ನೋಡಿದರೆ 1.6. ಇದಕ್ಕೆ ಸುಣ್ಣ ಕಾರಣವಲ್ಲ. ಸುಣ್ಣವಾಗಿದ್ದರೆ ತಣ್ಣಗಾದ ಮೇಲೂ ಬಿಗಿ ಇರಬೇಕಿತ್ತು. ಪಿಟಿಎಫ್‌ಇ ಬಿಸಿಗೆ ಹಿತ್ತಾಳೆಯ ಆರೇಳು ಪಟ್ಟು ಹಿಗ್ಗುತ್ತದೆ. 35 ಡಿಗ್ರಿ ಏರಿದಾಗ ಬಾಲನ್ನು ಅಪ್ಪಿದ ಬಟ್ಟಲುಗಳು ಎರಡೂ ಸೇರಿ 0.06 ಮಿ.ಮೀ. ಹೆಚ್ಚು ಒತ್ತುತ್ತವೆ, ಕೂರಿಸಿದ 0.2ರ ಮೇಲೆ ಅದು ಸಣ್ಣ ಪಾಲಲ್ಲ. ಸಂದಿ ಬೇಡವೆಂದು ತುಂಬಿಸಿದ ಮಾಲೇ ಬಿಸಿಗೆ ಜಾಗ ಕೇಳುತ್ತಿದೆ. ಗೀಸರಿನ ಹೊರಬಾಯಿಯ ಹನ್ನೆರಡಕ್ಕೆ ಬಟ್ಟಲಿನ ಬೆನ್ನಲ್ಲಿ 1 ಮಿ.ಮೀ. ಅಗಲದ ನಾಲ್ಕು ಸೀಳು ಹಾಕಿದ ಹೊಸ ಸೀಟು ಕಡೆಯಲು ಕೊಟ್ಟಿದೆ. ಸೀಳಿನಲ್ಲಿ ಸುಣ್ಣ ಕೂರುತ್ತದೆಯೇ ಎಂದು ನೋಡಲು ಮೊದಲೆರಡು ಸೀಟು 60 ಡಿಗ್ರಿಯ ಗಡಸು ನೀರಿಗೆ ಹೋಗುತ್ತವೆ, ಆಮೇಲೆ ಗೋಡೆಗೆ.